ಒರತೆಗೆ ಕಟ್ಟಿದ ಗೋಡೆ

೧೯೮೬ರ ಬೇಸಿಗೆಯಲ್ಲಿ ನಾನು ಕಲಘಟಗಿ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಲ್ತ್ ಇನ್ಸ್‌ಪೆಕ್ಟರ್ ಆಗಿದ್ದೆ. ದೇವಿಕೊಪ್ಪದ ಆಚೆ, ಅಡವಿಯ ಅಂಚಿನ ಹಳ್ಳಿಗಳು ನನ್ನ ಪಾಲಿನವು. ಸೈಕಲ್ಲಿನ ಹಿಂದೆ ಬ್ಲೀಚಿಂಗ್ ಪೌಡರಿನ ಡಬ್ಬಿ, ಹ್ಯಾಂಡಲಿಗೆ ರೊಟ್ಟಿಯ ಗಂಟು, ಜೇಬಿನಲ್ಲಿ ಡೈರಿ. ದಿನಚರಿ ಬರೆಯುವುದು ಇಲಾಖೆಯ ನಿಯಮ. ನಾನು ನಿಯಮ ಕೇಳಿದ್ದಕ್ಕಿಂತ ಹೆಚ್ಚೇ ಬರೆಯುತ್ತಿದ್ದೆ. ಎಲ್ಲಿ ನೀರು ಕುಡಿದೆ, ಯಾರ ಮನೆಯ ಕೂಸಿಗೆ ಹಲ್ಲು ಬಂತು, ಎಲ್ಲವೂ ಅದರಲ್ಲಿತ್ತು. "ಬರೆದದ್ದನ್ನ ಒಮ್ಮೆರ ತಿರುಗಿ ಓದ್ತೀರೇನು?" ಎಂದು ನನ್ನ ಹೆಂಡತಿ ಕೇಳುತ್ತಿದ್ದಳು. ಓದುತ್ತಿರಲಿಲ್ಲ. ಈ ಬರಹಕ್ಕೆ ಕಾರಣ ಅದೇ.

ನಾನು ಹೇಳಹೊರಟ ಊರಿನ ಹೆಸರು ಬರೆಯುವುದಿಲ್ಲ. ನನ್ನಿಂದ ಅವರಿಗೆ ಆದದ್ದು ಸಾಕು.

ಅದು ಮಳೆ ತಪ್ಪಿದ ಎರಡನೆಯ ವರ್ಷ. ಅಡವಿಯಲ್ಲಿ ತೇಗದ ಎಲೆ ಕಾಲಿಟ್ಟಲ್ಲೆಲ್ಲ ಹಪ್ಪಳದಂತೆ ಮುರಿಯುತ್ತಿತ್ತು. ಊರ ಬಾವಿ ಬತ್ತಿತ್ತು. ಉಳಿದದ್ದು ಅಡವಿಯೊಳಗಿನ ಹಳ್ಳದ ಮರಳಿನಲ್ಲಿ ತೋಡಿದ ಒಂದು ಒರತೆ ಮಾತ್ರ. ಹೆಂಗಸರು ಚೆರಿಗೆಯಿಂದ ಮೊಗೆದು ಕೊಡ ತುಂಬುತ್ತಿದ್ದರು. ದನಗಳು ಅಲ್ಲೇ ಮೂತಿ ಇಡುತ್ತಿದ್ದವು. ಏಪ್ರಿಲ್ ಮೊದಲ ವಾರ ಊರಲ್ಲಿ ವಾಂತಿಭೇದಿ ಕಾಣಿಸಿತು. ನಾನು ಜನರನ್ನು ಸೇರಿಸಿ ಒರತೆಯ ಸುತ್ತ ಎದೆಮಟ್ಟ ಕಲ್ಲಿನ ಗೋಡೆ ಕಟ್ಟಿಸಿದೆ. ಸಂದಿಗೆ ಕೆಸರು ಮೆತ್ತಿಸಿ, ಮೇಲೆ ಮುಳ್ಳು ಹೊರಿಸಿ, ಬಾಯಿಗೆ ತಗಡಿನ ಮುಚ್ಚಳ ಮಾಡಿಸಿದೆ. ದನಗಳಿಗೆ ಊರ ಬಾಜು ಎತ್ತರದ ಕಲ್ಲಿನ ಬಾನಿ ಇಡಿಸಿದೆ. ಕೆಲಸ ಅಚ್ಚುಕಟ್ಟಾಗಿತ್ತು.

ಎಲ್ಲರೂ ಒಪ್ಪಿದರು, ಹುಲಿಗೆವ್ವ ಒಬ್ಬಳನ್ನು ಬಿಟ್ಟು. ದಿನವೂ ಅಡವಿಗೆ ಆಡು ಹೊಡೆದುಕೊಂಡು ಹೋಗುವ, ಅರವತ್ತು ದಾಟಿದ ಹೆಂಗಸು. ಗೋಡೆಯ ಸುತ್ತ ಒಂದು ಸುತ್ತು ಬಂದು ಕೇಳಿದಳು: "ಸಾಹೇಬ್ರ, ಕತ್ತಲಾದ ಮ್ಯಾಲೆ ಬರಾವ್ರು ಎಲ್ಲಿ ಕುಡೀಬೇಕ್ರಿ?"

"ಕತ್ತಲಾದ ಮೇಲೆ ಯಾರು ಬರ್ತಾರವ್ವಾ ಇಲ್ಲಿ?"

"ನಿಮ್ಮ ರಿಜಿಸ್ಟರಿನ್ಯಾಗ ಹೆಸರಿಲ್ಲದಾವ್ರು."

ನೆರೆದವರು ನಕ್ಕರು. ನಾನೂ ನಕ್ಕೆ. ಆ ಮಾತನ್ನು ಡೈರಿಯಲ್ಲಿ ಬರೆದುಕೊಂಡೆ ಕೂಡ, ತಮಾಷೆಯಾಗಿದೆ ಎಂದು.

ವಾರದೊಳಗೆ ವಾಂತಿಭೇದಿ ನಿಂತಿತು. ಆದರೆ ಗೋಡೆ ಮುಗಿದ ಐದನೆಯ ದಿನ ಊರಲ್ಲಿ ಇಲಿ ಬೀಳತೊಡಗಿದವು. ನೀರಿನ ಹರವಿಯ ಕೆಳಗೆ, ಬಚ್ಚಲ ಕಲ್ಲಿನ ಮೇಲೆ, ಒದ್ದೆ ಬಟ್ಟೆ ಒಣಹಾಕಿದಲ್ಲಿ ಸತ್ತು ಬಿದ್ದಿರುತ್ತಿದ್ದವು. ಊರಗೌಡರು ಚಿಕ್ಕಂದಿನಲ್ಲಿ ಪ್ಲೇಗು ಕಂಡವರು. ಆ ಕಾಲದಲ್ಲಿ ಮನೆಯಲ್ಲಿ ಇಲಿ ಬಿತ್ತೆಂದರೆ ಕದ ಹಾಕಿಕೊಂಡು ಊರಿಗೆ ಊರೇ ಹೊಲದ ಗುಡಿಸಲಿಗೆ ಹೋಗುತ್ತಿತ್ತು. ಅವರು ನನಗೆ ಹೇಳಿಕಳಿಸಿದರು. ನಾನು ಹೋಗುವಷ್ಟರಲ್ಲಿ ಅರ್ಧ ಊರು ಹಾಸಿಗೆ ಸುತ್ತಿಟ್ಟಿತ್ತು.

ಪ್ಲೇಗು ಇಲಿಯ ಮೈಮೇಲಿನ ಚಿಗಟದಿಂದ ಮನುಷ್ಯರಿಗೆ ಬರುವ ರೋಗ. ಆದ್ದರಿಂದ ಸತ್ತ ಇಲಿಯನ್ನು ಬಾಚಿ ಚಿಗಟ ಎಣಿಸಬೇಕು, ಅಂಗಾಂಶವನ್ನು ಸೀಸೆಯಲ್ಲಿಟ್ಟು ಬೆಂಗಳೂರಿನ ಪ್ರಯೋಗಾಲಯಕ್ಕೆ ಕಳಿಸಬೇಕು, ಮನೆಮನೆಗೂ ಹೋಗಿ ಜ್ವರ, ತೊಡೆಸಂದಿನ ಗಂಟು ಇದೆಯೇ ನೋಡಬೇಕು. ಎಲ್ಲವನ್ನೂ ಮಾಡಿದೆ. ಆ ದಿನದ ಡೈರಿ ಈಗಲೂ ನನ್ನ ಬಳಿ ಇದೆ. ಅದರಲ್ಲಿ ಹೀಗಿದೆ: "ಹದಿನೇಳು ಬಿದ್ದಿವೆ. ಮನೆ ಇಲಿ ಎರಡೇ. ಉಳಿದವು ಬಿಳಿಹೊಟ್ಟೆಯ ಅಡವಿ ಇಲಿ, ಮುಳ್ಳುಗೂದಲಿನ ಸಣ್ಣ ಇಲಿ, ಮೂಗಿಲಿ; ಒಂದು ಇಣಚಿ (ಅಳಿಲು). ಚಿಗಟ ಕಡಿಮೆ. ಮೈ ಒಣಗಿದೆ, ಹೊಟ್ಟೆ ಬೆನ್ನಿಗೆ ಹತ್ತಿದೆ. ಜ್ವರ ಯಾರಿಗೂ ಇಲ್ಲ."

ಪ್ಲೇಗು ಮೊದಲು ಬೀಳಿಸುವುದು ಮನೆ ಇಲಿಯನ್ನು. ನನ್ನ ಕೈಯೇ ಬರೆದದ್ದು ಬೇರೆ ಕಥೆ ಹೇಳುತ್ತಿತ್ತು. ನಾನು ಡೈರಿ ಮುಚ್ಚಿ ಜೇಬಿಗಿಟ್ಟುಕೊಂಡೆ. ವರದಿ ಬರುವ ತನಕ ಪ್ಲೇಗೆಂದೇ ತಿಳಿದು ನಡೆಯಬೇಕು ಎಂಬುದು ನಾವು ಕಲಿತ ಪಾಠ. ನಮ್ಮ ಕೇಂದ್ರದ ಡಾಕ್ಟರ ಅಪ್ಪಣೆಯೂ ಅದೇ ಆಯಿತು. ಊರು ಹೊರಬೀಳಲಿ ಎಂದೆ.

ಹುಲಿಗೆವ್ವನ ಮಗಳು ಶಾಂತವ್ವ ಹನ್ನೊಂದು ದಿನದ ಬಾಣಂತಿ. ಹುಲಿಗೆವ್ವ ಬಾಗಿಲಿಗೆ ಅಡ್ಡ ನಿಂತಳು. "ಹಸಿ ಬಾಣಂತಿನ್ನ ಈ ಬಿಸಲಾಗ ಎಲ್ಲಿಗೆ ಕರಕೊಂಡು ಹೋಗ್ಲಿ? ಅದ ಬ್ಯಾನಿ ಹೌದೋ ಅಲ್ಲೋ, ಒಂದು ಮಾತು ಹೇಳ್ರಿ."

"ವರದಿ ಬರದೆ ಹೆಂಗ ಹೇಳ್ಲಿ?"

ಅವಳು ಸತ್ತ ಇಲಿಯೊಂದನ್ನು ಬಾಲ ಹಿಡಿದು ಎತ್ತಿದಳು. "ಇದಕ್ಕ ಬ್ಯಾನಿ ಇಲ್ರಿ. ನೀರಡಿಸಿ ಬಂದೈತಿ. ಇದರ ಬಾಯಿ ನೋಡ್ರಿ."

"ಕೆಳಗಿಡವ್ವಾ ಅದನ್ನ. ಕೈ ತೊಳಕೋ."

"ಯಾವ ನೀರಿಲೆ ತೊಳಕೊಳ್ಲಿ? ನೀವು ಕಟ್ಟಿ ಹಾಕಿದ್ದರಿಂದನಾ?"

ಗೌಡರು ಗದರಿದರು. ಹುಲಿಗೆವ್ವ ಕೂಸನ್ನು ಸೆರಗಿನಲ್ಲಿ ಸುತ್ತಿ, ಮಗಳ ಕೈ ಹಿಡಿದು ಹೊರಬಿದ್ದಳು.

ಮುಂದಿನ ಕೆಲಸವೂ ಪುಸ್ತಕದಲ್ಲಿದ್ದಂತೆಯೇ ನಡೆಯಿತು. ಖಾಲಿ ಮನೆಗಳಿಗೆ ಡಿ.ಡಿ.ಟಿ. ಹೊಡೆಸಿದೆ. ಆಮೇಲೆ ಊರಿನಿಂದ ಅಡವಿಯ ಒಡ್ಡಿನ ತನಕ ಕಂಡ ಬಿಲಕ್ಕೆಲ್ಲ ಸಯನೈಡ್ ಪುಡಿಯನ್ನು ಪಂಪಿನಿಂದ ಊದಿಸಿ, ಬಾಯಿಗೆ ಕೆಸರು ಬಡಿಸಿದೆ. ಪುಡಿ ಒಳಗಿನ ತೇವಕ್ಕೆ ಅನಿಲವಾಗಿ ಇದ್ದದ್ದನ್ನೆಲ್ಲ ಕೊಲ್ಲುತ್ತದೆ. ಯಾರ ಬಿಲ ಎಂದು ಅದು ಕೇಳುವುದಿಲ್ಲ, ನಾನೂ ಕೇಳಲಿಲ್ಲ. ಮೂರು ದಿನ ಹಿಡಿಯಿತು. ಎರಡನೆಯ ದಿನ ಒಂದು ಮುಂಗುಸಿ ತನ್ನ ಬಿಲದ ಇನ್ನೊಂದು ಬಾಯಿಂದ ಅರ್ಧ ಹೊರಬಂದು ಹಾಗೆಯೇ ಸತ್ತಿತ್ತು. ಪಂಪಿನವನು ಅದನ್ನು ಕಾಲಿಂದ ಒಳಗೆ ನೂಕಿ ಮುಚ್ಚಿದ.

ಹೊಲದ ಗುಡಿಸಲಿನಲ್ಲಿ ಶಾಂತವ್ವನಿಗೆ ಬಿಸಿಲಿಗೆ ಜ್ವರ ಬಂತು. ಇಲಿ ಬಿದ್ದ ಮೇಲೆ ಆ ಊರಲ್ಲಿ ಕಂಡ ಮೊದಲ ಜ್ವರ ಅದು, ನಾನು ಹೊರಡಿಸಿದ್ದರಿಂದ ಬಂದದ್ದು. ಮಾತ್ರೆಗೆ ಜ್ವರ ಇಳಿಯಿತು, ಎದೆಹಾಲು ಮಾತ್ರ ಬತ್ತಿಹೋಯಿತು. ಹುಲಿಗೆವ್ವ ಆಡಿನ ಹಾಲಿಗೆ ನೀರು ಬೆರೆಸಿ, ಅರಳೆ ಅದ್ದಿ, ಹನಿಹನಿಯಾಗಿ ಕುಡಿಸಿ ಕೂಸನ್ನು ಉಳಿಸಿಕೊಂಡಳು. ನಾನು ದಿನವೂ ಹೋಗುತ್ತಿದ್ದೆ. ನನ್ನನ್ನು ಕಂಡರೆ ಅವಳು ಎದ್ದು ಆಡಿನ ಕಡೆ ಹೋಗುತ್ತಿದ್ದಳು.

ಹದಿನಾರನೆಯ ದಿನ ವರದಿ ಬಂತು. ಪ್ಲೇಗು ಇಲ್ಲ.

ಅಂದು ಮನೆಗೆ ಬಂದು, ಉಣ್ಣುವ ಮೊದಲು ಡೈರಿ ತೆಗೆದು ತಿಂಗಳ ಹಿಂದಿನಿಂದ ಓದಿದೆ. ಗೋಡೆ ಮುಗಿದ ದಿನ, ಮೊದಲ ಇಲಿ ಬಿದ್ದ ದಿನ, ಒಣಗಿದ ಮೈ, ಹುಲಿಗೆವ್ವನ ತಮಾಷೆಯ ಮಾತು ಎಲ್ಲ ನನ್ನದೇ ಅಕ್ಷರದಲ್ಲಿ ಒಂದರ ಕೆಳಗೊಂದು ಇದ್ದವು. ಮೊದಲೆಲ್ಲ ಕೊಡ ತುಂಬುವಾಗ ಚೆಲ್ಲಿದ ನೀರು ಮರಳಿನ ತಗ್ಗಿನಲ್ಲಿ ನಿಲ್ಲುತ್ತಿತ್ತು; ಆ ಬರದಲ್ಲಿ ಅಡವಿಯ ಸಣ್ಣ ಪ್ರಾಣಿಗಳೆಲ್ಲ ಜೀವ ಹಿಡಿದಿದ್ದು ಅದರಿಂದ. ಆ ತಗ್ಗೂ ನನ್ನ ಗೋಡೆಯೊಳಗೆ ಸೇರಿತ್ತು. ದೊಡ್ಡವು ನೀರು ಹುಡುಕಿ ದೂರ ಹೋದಾವು. ಗೇಣುದ್ದದವು ಎಷ್ಟು ದೂರ ಹೋದಾವು? ನಮ್ಮ ಬಚ್ಚಲ ತನಕ ಬಂದವು.

ಮರುದಿನ ಹೋಗಿ ಗೋಡೆಯ ಬುಡದಲ್ಲಿ ಕಿಂಡಿ ಒಡೆಸಿ, ಚೆಲ್ಲಿದ ನೀರು ಹರಿದು ಬೀಳುವಂತೆ ಹೊರಗೊಂದು ಕಲ್ಲಿನ ಮರಗಿ, ತಗ್ಗಾದ ತೊಟ್ಟಿ, ಇಡಿಸಿದೆ. ಸುತ್ತಲಿನ ಮರಳನ್ನು ಸವರಿಸಿ, ಮೂರು ಮುಂಜಾನೆ ನೋಡಿದೆ. ಹಕ್ಕಿಯ ಹೆಜ್ಜೆ ಬಿಟ್ಟರೆ ಬೇರೆ ಗುರುತಿರಲಿಲ್ಲ.

ಜೂನಿನಲ್ಲಿ ಮಳೆ ಬಂತು. ಸುಗ್ಗಿಯ ಹೊತ್ತಿಗೆ ಹೊಲದ ಇಲಿ ಮಿತಿಮೀರಿದವು. ಭತ್ತದ ಗದ್ದೆಯಲ್ಲಿ ತೆನೆಯನ್ನು ಕತ್ತರಿಸಿದಂತೆ ಕಡಿದುಹಾಕಿದವು. ಇಲಿ ಮಳೆ ಕಂಡ ಕೆಲವೇ ತಿಂಗಳಲ್ಲಿ ತನ್ನ ಸಂತತಿ ತುಂಬಿಕೊಳ್ಳುತ್ತದೆ. ಅದನ್ನು ತಿನ್ನುವ ಮುಂಗುಸಿ ಹಾಗೆ ತುಂಬಿಕೊಳ್ಳಲಾರದು. ಅಡವಿಯ ಬೇರೆ ಇಲಿಗಳಾಗಲಿ, ಮೂಗಿಲಿಯಾಗಲಿ ನಾನಿದ್ದ ತನಕ ಆ ಒಡ್ಡಿನ ಮೇಲೆ ಕಾಣಲಿಲ್ಲ. ಆ ನಡುವೆ ಮೇಲಿನವರಿಂದ ನನಗೊಂದು ಪ್ರಶಂಸಾ ಪತ್ರ ಬಂತು, ಸಾಂಕ್ರಾಮಿಕವನ್ನು ಸಕಾಲದಲ್ಲಿ ತಡೆದದ್ದಕ್ಕೆ. ಬಾರದ ರೋಗವನ್ನು ತಡೆದೆ ಎಂದು ನನ್ನ ಸೇವಾ ಪುಸ್ತಕ ಇಂದಿಗೂ ಹೇಳುತ್ತದೆ. ಅದನ್ನು ತಿದ್ದಿಸಿ ಎಂದು ನಾನು ಅರ್ಜಿ ಹಾಕಲಿಲ್ಲ. ಆ ಧೈರ್ಯ ನನ್ನಲ್ಲಿರಲಿಲ್ಲ.

ಆಮೇಲಿನ ಸೇವೆಯಲ್ಲಿ ಎಷ್ಟೋ ಬಾವಿಗೆ ಕಟ್ಟೆ ಕಟ್ಟಿಸಿದೆ. ಕಟ್ಟುವ ಮೊದಲು ಇಲ್ಲಿ ಯಾರು ಯಾರು ನೀರು ಕುಡಿಯುತ್ತಾರೆ ಎಂದು ಆಡು ಕಾಯುವವರನ್ನು ಕೇಳುತ್ತಿದ್ದೆ, ಹೊರಗೊಂದು ಮರಗಿ ಇಡಿಸುತ್ತಿದ್ದೆ. ಈ ಕೆಲಸ ನನಗೆ ಕಲಿಸಿದ್ದು ಅಷ್ಟೇ, ಕಲಿಸಿದ್ದು ತಡವಾಗಿ.

ವರ್ಗವಾಗಿ ಅಣ್ಣಿಗೇರಿಗೆ ಹೊರಟಾಗ ಹುಲಿಗೆವ್ವನ ಮನೆಗೆ ಹೋದೆ. ಮತ್ತೆ ಬೇಸಿಗೆ ಬಂದಿತ್ತು. ಕೂಸು ಅಂಗಳದಲ್ಲಿ ಗೋಡೆ ಹಿಡಿದು ನಡೆಯುತ್ತಿತ್ತು. ಅವಳು ಬೆಲ್ಲ, ನೀರು ತಂದಿಟ್ಟಳು. "ವರತಿ ಕಡೆ ಹೋಗಿದ್ದೇನವ್ವಾ? ಏನರೆ ಬರ್ತಾವೇನು?" ಎಂದು ಕೇಳಿದೆ.

"ದಿನಾ ಹೊಕ್ಕೇನ್ರಿ. ಮರಗಿ ತುಂಬಿ ಇಟ್ಟ ಬರ್ತೇನಿ. ತುಂಬಿದ್ದು ತುಂಬಿದಂಗ ಇರತೈತಿ." ಖಾಲಿ ಚೆರಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು. "ಹ್ವಾದ ಮ್ಯಾಲೆ ಒಂದು ನೋಟೀಸ್ ಬರದು ಕಳಸ್ರಿ ಸಾಹೇಬ್ರ, ನೀರು ಐತಿ ಬರ್ರಿ ಅಂತ. ನಾನು ಅಡವ್ಯಾಗ ಹಚ್ಚತೇನಿ."