ಮೀನಿನ ತೊಟ್ಟಿಯ ಜುಮ್ಮು

ಮೀನು ಸಾಕುವ ಹುಚ್ಚು ನನ್ನದು, ತೊಟ್ಟಿಯ ಗಾಜಿನ ಪಾಚಿ ಉಜ್ಜುವ ಕೆಲಸ ಹೆಂಡತಿಯದು. ಭೇರ್ಯದ ನಮ್ಮ ಮನೆಯ ಹಜಾರದಲ್ಲಿ ತೊಟ್ಟಿ ಇಟ್ಟು, ಲೈಟು, ಗಾಳಿ ಪಂಪುಗಳನ್ನು ಹೊತ್ತಿಗೆ ಸರಿಯಾಗಿ ಆನ್ ಆಫ್ ಮಾಡುವ ಕಂಟ್ರೋಲರನ್ನೂ ಕೂರಿಸಿದ್ದೆ. ಅದರ ಜೊತೆಗೆ ಬಂದಿದ್ದ ಅಡಾಪ್ಟರ್ ಸುಟ್ಟುಹೋದಾಗ, ಮನೆಯಲ್ಲಿ ಬಿದ್ದಿದ್ದ ಹಳೆಯದೊಂದನ್ನು ಸಿಕ್ಕಿಸಿದೆ. ಮಾರನೆಯ ದಿನವೇ ದೂರು ಶುರುವಾಯಿತು.

"ನೀರಿಗೆ ಕೈ ಇಕ್ಕಿದ್ರೆ ಜುಮ್ ಅಂತದೆ ಕಣ್ರೀ."

ನಾನು ಕೈ ಅದ್ದಿದೆ. ಏನೂ ಇಲ್ಲ. ಮೊಣಕೈವರೆಗೂ ಅದ್ದಿದೆ. ಮೀನುಗಳು ಗಾಬರಿಯಾದವೇ ಹೊರತು ನನಗೇನೂ ಆಗಲಿಲ್ಲ. "ನಿನ್ ಮೈಯಲ್ಲೇ ಕರೆಂಟದೆ ಬುಡು" ಎಂದು ನಕ್ಕೆ. ವಾರವಿಡೀ ಇದೇ ಆಯಿತು. ಅವಳು ಹೇಳುವುದು, ನಾನು ಅದ್ದುವುದು, ನಗುವುದು. ಕೊನೆಗೆ ಅವಳಿಗೆ ರೇಗಿತು.

"ಇವತ್ತು ಸರಿ ಮಾಡಿ. ಇಲ್ಲಾಂದ್ರೆ ಮೀನೆಲ್ಲ ನಾಲೆಗೆ ಬುಟ್ಬತ್ತೀನಿ."

ಹೇಳಿದ್ದನ್ನು ಮಾಡುವ ಹೆಂಗಸು.

ಪಂಪ್‌ಸೆಟ್ಟಿಗೆಂದು ಇಟ್ಟುಕೊಂಡಿದ್ದ ಮಲ್ಟಿಮೀಟರನ್ನು ಧೂಳು ಕೊಡವಿ ತಂದೆ. ಅಡಾಪ್ಟರಿನಿಂದ ಬರುವ ಎರಡು ತಂತಿಗೆ ಮೀಟರಿನ ಎರಡು ಕಡ್ಡಿ ಹಿಡಿದೆ. ಹನ್ನೆರಡು ವೋಲ್ಟ್, ಕರಾರುವಾಕ್ಕು. ಇಷ್ಟಕ್ಕೆ ಇರುವೆಯೂ ಸಾಯುವುದಿಲ್ಲವೆಂದು ಅವಳಿಗೆ ಪಾಠ ಮಾಡಿದೆ.

ನೆಲ ಒರೆಸುತ್ತಿದ್ದವಳು ತಲೆಯೆತ್ತದೆ ಅಂದಳು: "ನಾನು ನಿಂತ್ಕೊಳೋದು ನೆಲದ ಮೇಲಲ್ವ? ಒಂದು ಕಡ್ಡಿ ನೀರಿಗಿಕ್ಕಿ, ಇನ್ನೊಂದ ನೆಲಕ್ಕಿಕ್ಕಿ."

ಇವಳೇನು ನನಗೆ ಹೇಳಿಕೊಡುವುದು ಎಂದು ಸಿಟ್ಟು ಬಂತು. ಆದರೂ ಮೀಟರನ್ನು ಮನೆ ಕರೆಂಟು ಅಳೆಯುವ ಎಸಿಗೆ ತಿರುಗಿಸಿ, ಒಂದು ಕಡ್ಡಿ ನೀರಿಗೂ ಇನ್ನೊಂದು ಒದ್ದೆ ನೆಲಕ್ಕೂ ಹಿಡಿದೆ. ಎಂಬತ್ತೇಳು ವೋಲ್ಟ್. ಅಡಾಪ್ಟರ್ ಕಿತ್ತೆ, ಸೊನ್ನೆ. ಸಿಕ್ಕಿಸಿದೆ, ಮತ್ತೆ ಎಂಬತ್ತೇಳು. ಹಾಳು ಅಡಾಪ್ಟರಿನಿಂದ ಸೋರಿದ ಕರೆಂಟು, ನೀರಿನ ಬಿಸಿ ನೋಡಲು ಮುಳುಗಿಸಿದ್ದ ಕಂಟ್ರೋಲರಿನ ಸ್ಟೀಲ್ ಕಡ್ಡಿಯಿಂದ ತೊಟ್ಟಿಗೆ ಇಳಿಯುತ್ತಿತ್ತು.

"ಮತ್ತೆ ನಂಗ್ಯಾಕೆ ಹೊಡೀನಿಲ್ಲ?"

ಅವಳು ನನ್ನ ಕಾಲು ನೋಡಿದಳು. ಮನೆಯಲ್ಲಿ ಎಲ್ಲರೂ ಚಪ್ಪಲಿಯನ್ನು ಬಾಗಿಲಾಚೆ ಬಿಡುತ್ತಾರೆ. ಹಿಮ್ಮಡಿ ನೋವಿಗೆ ಡಾಕ್ಟರು ಹೇಳಿದರೆಂದು ಒಳಗೂ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಓಡಾಡುವವನು ನಾನೊಬ್ಬನೇ.

"ಅದ ಬುಟ್ಟು, ಬರಿಗಾಲಲ್ಲಿ ನಿಂತು ಕೈ ಇಕ್ಕಿ ಮತ್ತೆ."

"ತಲೆ ಕೆಟ್ಟದಾ ನಿಂಗೆ? ಅಪಾಯ ಕಣೆ."

"ನಾನು ಏಳು ದಿನ ಇಕ್ಕಿದ್ನಲ್ಲ, ಆಗ ಇರ್ನಿಲ್ವ ಅಪಾಯ?"

ಅಡಾಪ್ಟರನ್ನು ಕಿತ್ತು ಕೈಯಲ್ಲಿ ಹಿಡಿದು ನಿಂತೆ. ಆಮೇಲೆ ಅದನ್ನು ಕಸದ ಬುಟ್ಟಿಗೆ ಎಸೆದು, ಗಾಜಿನ ಪಾಚಿ ಉಜ್ಜಲು ನಾನೇ ಕೂತೆ.