ಎಡ ಮೂಲೆಯವನ ಬಲಗೈ

ನಾನು ಕಬಡ್ಡಿ ಆಡಿ ಹೊಟ್ಟೆ ಹೊರೆದವನು ಎಂದರೆ ಜನ ಮೊದಲು ಕೇಳುವುದು, "ರೇಡರ್ ಇದ್ರೇನ್ರಿ?" ಎಂದು. ಅಲ್ಲ ಎಂದ ಕೂಡಲೇ ಅವರ ಮುಖ ಇಳಿಯುತ್ತದೆ. ಟಿವಿಯಲ್ಲಿ ತೊಡೆ ತಟ್ಟುವವನು ರೇಡರ್, ಪೋಸ್ಟರಿನಲ್ಲಿ ಮೀಸೆ ತಿರುವುವವನು ರೇಡರ್. ನಾನು ಎಡ ಮೂಲೆಯವನ ಪಕ್ಕದಲ್ಲಿ ಅವನ ಕೈ ಹಿಡಿದು ನಿಲ್ಲುವವನು. "ನನ್ನ ಕೈ ಹಿಡಿದದ್ದಕ್ಕಿಂತ ಹೆಚ್ಚು ಅವರ ಕೈನ ಹಿಡದೀರಿ ನೀವು" ಎಂದು ನನ್ನ ಹೆಂಡತಿ ಚೇಷ್ಟೆ ಮಾಡುತ್ತಾಳೆ. ಸುಳ್ಳೇನಲ್ಲ. ಅದೇ ನನ್ನ ಕೆಲಸವಾಗಿತ್ತು, ಅದಕ್ಕೇ ಸಂಬಳ ಕೊಡುತ್ತಿದ್ದರು.

ಆ ಎಡ ಮೂಲೆಯವನು ಹುಬ್ಬಳ್ಳಿಯ ಕಮರಿಪೇಟೆಯ ಒಬ್ಬ ಗ್ಯಾರೇಜಿನವರ ಮಗ. ಲಕಮನಹಳ್ಳಿಯಲ್ಲಿ ನಮ್ಮಪ್ಪ ಕೆಲಸಕ್ಕಿದ್ದ ಕಾರ್ಖಾನೆಯ ಹಿಂದೆ ಒಂದು ಕೆಂಪು ಮಣ್ಣಿನ ಮೈದಾನವಿತ್ತು. ಹುಬ್ಬಳ್ಳಿಯಿಂದ ಅಲ್ಲಿಗೆ ಬಸ್ಸು ಹಿಡಿದು ಆಡಲು ಬರುತ್ತಿದ್ದ. ಬಂದ ಮೊದಲ ದಿನವೇ ನನ್ನ ಮೊಣಕೈ ತರಚಿ, ತಾನೇ ಅದಕ್ಕೆ ಅರಿಶಿನ ಹಚ್ಚಿದ. ಆಮೇಲೆ ನಾವು ಬೇರೆ ಬೇರೆ ಆಡಿದ್ದೇ ಇಲ್ಲ. ಮಣ್ಣಿನಿಂದ ಮ್ಯಾಟಿಗೆ, ಜಿಲ್ಲೆಯಿಂದ ರಾಜ್ಯಕ್ಕೆ, ಕೊನೆಗೆ ಹರಾಜಿನಲ್ಲಿ ಆಟಗಾರರನ್ನು ಕೊಳ್ಳುವ ದೊಡ್ಡ ಲೀಗಿಗೆ, ಎಲ್ಲಕ್ಕೂ ಜೋಡಿಯಾಗಿಯೇ ಹೋದೆವು. ಇವರಿಬ್ಬರನ್ನೂ ಒಟ್ಟಿಗೆ ತಗೊಂಡರೆ ಮಾತ್ರ ಉಪಯೋಗ ಎಂದು ತಂಡದವರಿಗೂ ಗೊತ್ತಿತ್ತು.

ಗುಟ್ಟು ಕೈಯಲ್ಲಿತ್ತು. ರೇಡರ್ ಒಳಗೆ ಬಂದಾಗ ಹಿಡಿಯುವವರು ಕೈ ಕೈ ಹಿಡಿದು ನಿಲ್ಲುತ್ತಾರೆ. ಬಾಯಿ ಬಿಟ್ಟು ಹೇಳಿದರೆ ರೇಡರನಿಗೂ ಕೇಳಿಸುತ್ತದೆ, ಹೀಗಾಗಿ ಮಾತೆಲ್ಲ ಬೆರಳಿನಲ್ಲಿ. ನನ್ನ ದೋಸ್ತ ನನ್ನ ಕೈಯನ್ನು ಗಟ್ಟಿ ಹಿಡಿದರೆ ತಡಿ ಎಂದರ್ಥ. ಬಿಟ್ಟರೆ, ಅವನು ರೇಡರನ ಕಾಲಿಗೆ ಬೀಳುತ್ತಿದ್ದಾನೆ, ನಾನು ಸೊಂಟಕ್ಕೆ ಜಿಗಿಯಬೇಕು. ತಿರುಗಿ ನೋಡುವಂತಿಲ್ಲ, ಯೋಚಿಸುವಂತಿಲ್ಲ. ಯೋಚಿಸುತ್ತ ನಿಂತರೆ ರೇಡರ್ ಅಷ್ಟರಲ್ಲಿ ಮನೆಗೆ ಹೋಗಿ ಚಹಾ ಕುಡಿದಿರುತ್ತಾನೆ. ನನ್ನ ಕಣ್ಣನ್ನು ನಾನು ನಂಬದಿದ್ದರೂ ಅವನ ಬಲಗೈಯನ್ನು ನಂಬುತ್ತಿದ್ದೆ.

ಸೋತವರು ಮನೆಗೆ ಹೋಗಬೇಕಾದ ಪಂದ್ಯ ಅದು. ಅಂಕ ಸಮ, ಕೊನೆಯ ರೇಡ್. ಎದುರಾಳಿ ನಮ್ಮ ಮೂಲೆಯ ಕಡೆಗೇ ಬಂದ, ಒಂದು ಕಾಲು ಮುಂದಿಟ್ಟ. ನನ್ನ ಅಂಗೈಯಲ್ಲಿ ದೋಸ್ತನ ಬೆರಳು ಸಡಿಲಾದವು. ಜಿಗಿದೆ. ಸೊಂಟವೇನೋ ಸಿಕ್ಕಿತು, ಆದರೆ ಕೆಳಗೆ ಕಾಲು ಹಿಡಿದವರು ಯಾರೂ ಇರಲಿಲ್ಲ. ರೇಡರ್ ನನ್ನನ್ನು ಚೀಲದಂತೆ ಎಳೆದುಕೊಂಡೇ ಗೆರೆ ಮುಟ್ಟಿದ. ತಿರುಗಿ ನೋಡಿದರೆ ನನ್ನ ದೋಸ್ತ ನಿಂತಲ್ಲೇ ನಿಂತಿದ್ದ, ನನಗೇನು ಹುಚ್ಚು ಹಿಡಿಯಿತೋ ಎಂಬಂತೆ ನನ್ನನ್ನೇ ನೋಡುತ್ತಿದ್ದ.

ಟಿವಿಯಲ್ಲಿ ಅದನ್ನು ನಿಧಾನ ಮಾಡಿ ಮತ್ತೆ ಮತ್ತೆ ತೋರಿಸಿದರು. ಅಡ್ವಾನ್ಸ್ ಟ್ಯಾಕಲ್, ಅವಸರಕ್ಕೆ ಬಿದ್ದ ಎಂದರು. ಯಾವ ಕ್ಯಾಮೆರಾವೂ ಕೈಗಳನ್ನು ತೋರಿಸಲಿಲ್ಲ. ಕೋಚ್ ಎಲ್ಲರೆದುರು ನನ್ನನ್ನು ಬೈಯುವಾಗ ನಾನು ದೋಸ್ತನ ಕಡೆಯೇ ನೋಡುತ್ತಿದ್ದೆ. 'ನಾ ಕೈ ಬಿಟ್ಟೆ ಸರ್' ಎಂಬ ಒಂದು ಮಾತು ಸಾಕಿತ್ತು. ಅವನು ಬಗ್ಗಿ ಷೂ ಲೇಸು ಬಿಚ್ಚುತ್ತ ಕುಳಿತಿದ್ದ. ತಲೆ ಎತ್ತಲೇ ಇಲ್ಲ. ಒಂದು ಲೇಸು ಬಿಚ್ಚುವುದಕ್ಕೆ ಇಷ್ಟು ಹೊತ್ತು ಬೇಕೇ ಎಂದುಕೊಂಡೆ. ನನ್ನ ಮುಖ ನೋಡುವ ಧೈರ್ಯವಿಲ್ಲ, ತನ್ನ ಜಾಗ ಉಳಿಸಿಕೊಳ್ಳುತ್ತಿದ್ದಾನೆ ಎಂದೇ ತಿಳಿದೆ.

ಮುಂದಿನ ಹರಾಜಿನಲ್ಲಿ ನನ್ನನ್ನು ಯಾರೂ ಕೇಳಲಿಲ್ಲ. ಅವನನ್ನು ತಗೊಂಡರು. ಬೇರೆ ಯಾರದೋ ಕೈ ಹಿಡಿದು ನಿಂತ ಅವನನ್ನು ಟಿವಿಯಲ್ಲಿ ನೋಡಿ ರಿಮೋಟು ಒಗೆದಿದ್ದೇನೆ. ಲಕಮನಹಳ್ಳಿಯಲ್ಲೇ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸ ಹಿಡಿದೆ. ರಮಜಾನ್ ಹಬ್ಬಕ್ಕೆ ಅವರ ಮನೆಯ ಹಾಲು-ಶಾವಿಗೆಯ ಸುರಕುಂಬಾ ಕುಡಿಯದ ವರ್ಷವಿರಲಿಲ್ಲ, ಅದನ್ನೂ ಬಿಟ್ಟೆ. ಅವನೂ ಕರೆಯಲಿಲ್ಲ. ಆ ಸೀಸನ್ ಮುಗಿದ ಮೇಲೆ ಅವನನ್ನೂ ಕೈಬಿಟ್ಟರು ಎಂದು ಕೇಳಿದಾಗ, ಮಾಡಿದ್ದುಣ್ಣೋ ಮಹರಾಯ ಎಂದುಕೊಂಡೆ. ಅಂದುಕೊಂಡದ್ದು ಖರೆ, ಈಗ ಮುಚ್ಚಿಟ್ಟು ಏನು ಮಾಡಲಿ.

ಕೆಲವು ವರ್ಷಗಳ ನಂತರ ಒಂದು ಭಾನುವಾರ ಅವನ ಅಪ್ಪ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದರು.

"ಒಳಗ ಬರ್ರಿ ಚಾಚಾ" ಎಂದೆ.

ಅವರು ಚಪ್ಪಲಿ ಬಿಡಲಿಲ್ಲ. "ನಿಮ್ಮಿಬ್ಬರ ನಡುವ ಏನಾಗೇತೋ ನಾ ಕೇಳಂಗಿಲ್ಲ ಬೇಟಾ. ಗ್ಯಾರೇಜಿನ್ಯಾಗ ಅಂವಾ ಪಾನಾ ಹಿಡಿದ್ರ ಕೆಳಗ ಬೀಳತೈತಿ. ಕೆಲಸದ ಮ್ಯಾಲೆ ಲಕ್ಷ್ಯ ಇಲ್ಲ ಅಂತ ಬೈದೆ. ಈಗ ನಡಿಯುವಾಗೂ ಜೋಲಿ ಹೊಡಿಯಾಕತ್ತಾನ. ಕುಡದಾನಂತ ಓಣ್ಯಾಗ ಮಾತಾಡ್ತಾರ. ನನ್ನ ಮಗ ಕುಡಿಯಂಗಿಲ್ಲ. ದವಾಖಾನಿಗೆ ನಡಿ ಅಂದ್ರ ನನ್ನ ಮಾತ ಕೇಳವಲ್ಲ. ನೀ ಕರದ್ರ ಬಂದಾನು."

ಕರೆದೆ. ರಾಯಾಪುರದ ಚಹಾದಂಗಡಿಗೆ ಬಾ ಎಂದೆ. ಅವನಿಗೂ ನನಗೂ ಅದು ಅರ್ಧ ದಾರಿ, ಮೊದಲೆಲ್ಲ ಅಲ್ಲೇ ಕೂಡುತ್ತಿದ್ದೆವು. ಬಸ್ಸಿಳಿದವನು ಬೀಳದಂತೆ ಕಂಬ ಹಿಡಿದು ನಿಂತಿದ್ದ. ಆದರೂ ಸಿಟ್ಟು ಹಾಗೆ ಹೋಗುವ ಜಾತಿಯದಲ್ಲ. ಎದುರಾಬದುರಾ ಕುಳಿತೆವು. ಚಹಾ ಬಂತು. ಮಾತು ಶುರು ಮಾಡಿದವನು ಅವನೇ.

"ನೀ ಯಾಕ ಜಿಗದಿ ಆವತ್ತ?"

ಇಷ್ಟು ವರ್ಷ ನಾನು ಕಾದ ಮಾತು ಅದಲ್ಲ. "ನೀ ಕೈ ಬಿಟ್ಟಿ, ಅದಕ್ಕ ಜಿಗದೆ."

"ನಾ ಬಿಟ್ಟಿಲ್ಲ."

"ಬಿಟ್ಟಿ."

"ಅಲ್ಲಾನ ಆಣಿ ಮಾಡಿ ಹೇಳ್ತೇನಿ, ಬಿಟ್ಟಿಲ್ಲ. ಗಟ್ಟಿ ಹಿಡದಿದ್ದೆ. ತಡಿ ಅಂತ ಹಿಡದಿದ್ದೆ. ನನ್ನ ಮಾತ ಮೀರಿ ಹ್ವಾದಿ ನೀ. ಎಲ್ಲಾರೂ ನಿನ್ನ ಬೈಯುವಾಗ ನನಗ ಬಾಯಿ ಬರಲಿಲ್ಲ. ಏನಂತ ಹೇಳ್ಲಿ?"

ಮೇಜು ಗುದ್ದಿ ಎದ್ದು ಹೋಗಬೇಕೆಂದಿದ್ದೆ. ಆಗ ಅವನ ಕೈ ನೋಡಿದೆ. ಕುದಿಯುವ ಚಹಾ, ದಪ್ಪ ಗಾಜಿನ ಲೋಟ. ನನ್ನ ಲೋಟವನ್ನು ನಾನು ಮುಟ್ಟಿ ಹಿಂದೆ ಸರಿಸಿದ್ದೆ. ಅವನು ತನ್ನದನ್ನು ಇಡೀ ಅಂಗೈಯಲ್ಲಿ ಹಿಡಿದೇ ಮಾತಾಡುತ್ತಿದ್ದ. ಚರ್ಮ ಕೆಂಪಗಾಗಿತ್ತು.

"ಲೋಟ ಕೆಳಗಿಡು" ಎಂದೆ.

"ಯಾಕ?"

"ಬಿಸಿ ಹತ್ತವಲ್ದೇನೋ ನಿನಗ?"

ಅವನು ಯಾರದೋ ಕೈ ನೋಡುವಂತೆ ತನ್ನ ಕೈ ನೋಡಿಕೊಂಡ. ಅವನಿಗೆ ಕಣ್ಣು ಮುಚ್ಚಲು ಹೇಳಿ, ನಾನು ಆ ಬಲಗೈಯನ್ನು ಹಿಡಿದೆ. "ಈಗ ನನ್ನ ಕೈ ಗಟ್ಟಿ ಹಿಡಿ, ಮೊದಲಿನಂಗ" ಎಂದೆ. ಅವನ ದವಡೆ ಬಿಗಿಯಿತು, ಕುತ್ತಿಗೆಯ ನರ ಉಬ್ಬಿತು. "ಹಿಡದೇನಿ ನೋಡು" ಎಂದ. ನನ್ನ ಅಂಗೈಯಲ್ಲಿ ಅವನ ಬೆರಳುಗಳು ಸುಮ್ಮನೆ ಬಿದ್ದಿದ್ದವು.

ಅವನು ಕಣ್ಣು ತೆರೆದು ನೋಡಿದ. "ಆವತ್ತೂ ಹಿಂಗನ ಆಗಿತ್ತೇನೋ?" ಎಂದು ಕೇಳಿದ. ಅಲ್ಲೇ, ಜನರ ನಡುವೆ, ನಾವಿಬ್ಬರೂ ಅತ್ತೆವು. ಲೇಸು ಬಿಚ್ಚುತ್ತಿದ್ದ ಆ ಬೆರಳುಗಳು ನೆನಪಾಗಿ ನನಗೆ ತಡೆಯಲಾಗಲಿಲ್ಲ. ಅವನ ಬೆರಳಿಗೆ ಲೇಸು ಸಿಗುತ್ತಿರಲಿಲ್ಲ, ಅಷ್ಟೇ.

ಕುತ್ತಿಗೆಯ ಎಲುಬುಗಳ ನಡುವೆ ಕೈಕಾಲಿಗೆ ಹೋಗುವ ನರ ಒತ್ತಿಕೊಂಡಿದೆ, ಶುರುವಾಗಿ ವರ್ಷಗಳೇ ಆಗಿವೆ ಎಂದರು ಡಾಕ್ಟರು. ರೇಡರುಗಳ ಕಾಲಿಗೆ ತಲೆ ಕೊಟ್ಟು ಕೊಟ್ಟು ಆದದ್ದು. ಬೇಗ ಬಂದಿದ್ದರೆ ಕೈ ಉಳಿಯುತ್ತಿತ್ತೇನೋ ಎಂದರು. ಆ 'ಬೇಗ'ದ ವರ್ಷಗಳಲ್ಲಿ, ಅವನ ಕೈ ಸಡಿಲಾದದ್ದು ಗೊತ್ತಿದ್ದವನು ಲೋಕದಲ್ಲಿ ನಾನೊಬ್ಬನೇ. ಅದನ್ನು ನಾನು ದ್ರೋಹ ಎಂದುಕೊಂಡು ಕುಳಿತಿದ್ದೆ. ಆಪರೇಶನ್ ಆಯಿತು. ಮುಂದೆ ಹೆಚ್ಚಾಗದಂತೆ ನಿಂತಿತು, ಹೋದದ್ದು ತಿರುಗಿ ಬರಲಿಲ್ಲ.

ಈಗ ಭಾನುವಾರಕ್ಕೊಮ್ಮೆ ರಾಯಾಪುರದಲ್ಲಿ ಕೂಡುತ್ತೇವೆ. ಅವನು ಎಡಗೈಯಲ್ಲಿ ಚಹಾ ಕುಡಿಯುತ್ತಾನೆ, ಇಂದಿನ ಆಟಗಾರರನ್ನೆಲ್ಲ ಬೈಯುತ್ತಾನೆ, ರೇಡರುಗಳನ್ನು ಇನ್ನೂ ಹೆಚ್ಚು ಬೈಯುತ್ತಾನೆ. ಅವನನ್ನು ಬಸ್ಸು ಹತ್ತಿಸಲು ಆ ಅಗಲ ರಸ್ತೆ ದಾಟಬೇಕು. ಅವನ ಕಾಲು ಇನ್ನೂ ತುಸು ತಡವರಿಸುತ್ತದೆ. ಅವನು ಎಡಕ್ಕೆ ನಿಲ್ಲುತ್ತಾನೆ, ನಾನು ಪಕ್ಕದಲ್ಲಿ. ಕಣ್ಣು ರಸ್ತೆಯ ಮೇಲೇ ಇರುವುದರಿಂದ, ಕೈ ನೋಡಿಕೊಳ್ಳಲಾಗದೆ ಅವನು ಪ್ರತಿ ಸಲ ಕೇಳುತ್ತಾನೆ.

"ಗಟ್ಟಿ ಹಿಡದೇನೇನೋ?"

ಅವನ ಬೆರಳುಗಳು ನನ್ನ ಅಂಗೈಯಲ್ಲಿ ತೆರೆದೇ ಇರುತ್ತವೆ.

"ಹಿಡದೀ" ಎನ್ನುತ್ತೇನೆ. "ತಡಿ, ಲಾರಿ ಬರಾಕತ್ತೈತಿ."