ಹಾಲು ಕುಡಿದ ದಿನ ಕೇಳದ ಮಾತು

ಬಾಡಿಗೆಗೆ ಮನೆ ಕೊಡುವುದು ಹೇಗೆ ಎಂದು ಯಾರಾದರೂ ಕೇಳಿದರೆ ನಾನು ವಕೀಲರ ಹೆಸರು ಹೇಳುತ್ತಿರಲಿಲ್ಲ. ಎದುರುಮನೆಯ ಮುನಿಕೃಷ್ಣಮ್ಮನವರನ್ನು ತೋರಿಸುತ್ತಿದ್ದೆ. ಈಗಲೂ ಅವರನ್ನೇ ತೋರಿಸುತ್ತೇನೆ, ಆದರೆ ಬೇರೆ ಕಾರಣಕ್ಕೆ.

ಅವರು ಅಟ್ಟೂರಿನ ಹಳೆಯ ಮನೆತನದವರು. ಗಂಡ ತೀರಿಕೊಂಡ ಮೇಲೆ, ಪಾಲಿಗೆ ಬಂದ ಸೈಟಿನಲ್ಲಿ ಮೂರು ಅಂತಸ್ತು ಕಟ್ಟಿಸಿದರು. ಕೆಳಗೆ ತಾವು, ಮೇಲೆ ಎರಡು ಬಾಡಿಗೆ ಮನೆ. ಮಕ್ಕಳಿಲ್ಲ. ಅನ್ನ, ಔಷಧಿ, ಹಬ್ಬ ಎಲ್ಲವೂ ಆ ಎರಡು ಮನೆಗಳ ಬಾಡಿಗೆಯಿಂದಲೇ ನಡೆಯಬೇಕು.

ಓದು ಬಾರದು, ಆದರೆ ಅವರ ಕಣ್ಣು ತಪ್ಪಿಸಿ ಒಂದು ಮೊಳೆ ಗೋಡೆಗೆ ಇಳಿಯುತ್ತಿರಲಿಲ್ಲ. ಮನೆ ನೋಡಲು ಬಂದವರಿಗೆ ಮೊದಲು ನಲ್ಲಿ ತಿರುಗಿಸಿ ನೀರು ತೋರಿಸುತ್ತಿದ್ದರು, ಆಮೇಲೆ ಗೋಡೆಯ ಬಿರುಕನ್ನೂ ತಾವೇ ತೋರಿಸುತ್ತಿದ್ದರು. ನಾಳೆ ಅದು ನಮ್ಮ ಕಾಲದಲ್ಲಿ ಬಿಟ್ಟದ್ದಲ್ಲ ಎಂದು ಜಗಳ ಬರಬಾರದಲ್ಲ. ಪ್ರತಿಯೊಬ್ಬ ಬಾಡಿಗೆದಾರನ ಫೋಟೋ, ಆಧಾರ್ ಜೆರಾಕ್ಸ್, ಕೆಲಸದ ಗುರುತಿನ ಚೀಟಿಯ ಜೆರಾಕ್ಸ್ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಗೆ ಬೀಳಲೇಬೇಕು. ಸೋಲದೇವನಹಳ್ಳಿಯ ಕಾಲೇಜಿನಲ್ಲಿ ಲೆಕ್ಚರರ್ ಎಂದು ಹೇಳಿಕೊಂಡ ಒಬ್ಬನನ್ನು ನಂಬದೆ, ಬಸ್ಸು ಹತ್ತಿ ಹೋಗಿ, ಅವನು ಪಾಠ ಮಾಡುವುದನ್ನು ಕಿಟಕಿಯಿಂದ ನೋಡಿ ಬಂದ ಹೆಂಗಸು ಅವರು. ಅಗ್ರಿಮೆಂಟ್ ಓದಿ ಹೇಳುವುದು ಮಾತ್ರ ನನ್ನ ಕೆಲಸ. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದ್ದಕ್ಕೆ ನಮ್ಮ ಬೀದಿಯಲ್ಲಿ ನನಗೆ ಸಿಕ್ಕ ಮರ್ಯಾದೆ ಅದೊಂದೇ.

ಇನ್ನೊಂದು ನಿಯಮವಿತ್ತು. ಹೊಸಬರು ಹಾಲುಕ್ಕಿಸುವ ದಿನ ಮನೆಯ ಯಜಮಾನಿ ಹೋಗಿ ಹಾಲು ಕುಡಿಯಬೇಕು, ಅಲ್ಲಿ ದುಡ್ಡಿನ ಮಾತು ಎತ್ತಬಾರದು.

"ಆಲು ಉಕ್ಕೋ ಒತ್ನಾಗೆ ದುಡ್ಡು ಕಾಸು ಅಂದ್ರೆ ಮನೆ ಏಳ್ಗೆ ಆಗಲ್ಲ ಕಣಮ್ಮ," ಎನ್ನುತ್ತಿದ್ದರು.

ಈ ನಿಯಮಗಳೆಲ್ಲ ಬಾಯಿಪಾಠವಾಗಿದ್ದದ್ದು ಸುನೀಲನಿಗೆ. ಅವನು ಅವರ ತಂಗಿಯ ಮಗ, ನಾಲ್ಕನೇ ತರಗತಿಯಿಂದ ಅವರ ಮನೆಯಲ್ಲೇ ಬೆಳೆದವನು. ಡಬ್ಬಿಗೆ ಸೇರಬೇಕಾದ ಜೆರಾಕ್ಸುಗಳನ್ನು ಅಂಗಡಿಗೆ ಓಡಿ ಮಾಡಿಸಿಕೊಂಡು ಬರುತ್ತಿದ್ದವನೂ ಅವನೇ. ದೊಡ್ಡವನಾದ ಮೇಲೆ ಕೆಂಪಾಪುರದಲ್ಲಿ ಗಾಜಿನ ಬಾಗಿಲಿನ ಆಫೀಸು ಮಾಡಿ, ಮನೆ ಕೊಡಿಸುವ ಬ್ರೋಕರ್ ಆದ. ಮುನಿಕೃಷ್ಣಮ್ಮ ಅವನನ್ನು ಎಂದೂ ತಂಗಿಯ ಮಗ ಎಂದವರಲ್ಲ, ಎಲ್ಲರೆದುರೂ "ನನ್ ಮಗ" ಎಂದೇ ಹೇಳುತ್ತಿದ್ದರು.

ಕಳೆದ ವರ್ಷ ಅವರ ಮಂಡಿ ಕೈಕೊಟ್ಟಿತು. ಎರಡನೇ ಮಹಡಿ ಖಾಲಿ ಬಿದ್ದಿತ್ತು. ಸುನೀಲ ಬಂದು ಪಕ್ಕದಲ್ಲಿ ಕೂತ.

"ದೊಡ್ಡಮ್ಮ, ಇನ್ಮೇಲೆ ನೀವು ಮೆಟ್ಲು ಹತ್ತೋದೇ ಬೇಡ. ಮೇಲಿನ್ ಮನೆ ನಾನ್ ನೋಡ್ಕೋತೀನಿ. ತಿಂಗ್ಳಿಗೆ ಹದಿನಾಲ್ಕು ಸಾವ್ರ ನಿಮ್ ಅಕೌಂಟಿಗೆ ಬೀಳುತ್ತೆ. ಒಂದ್ ಸೈನ್ ಹಾಕಿ ಸಾಕು."

ಹಾಕಿದರು. ಕಾಗದ ನನ್ನ ಹತ್ತಿರ ಬರಲಿಲ್ಲ. ಆಮೇಲೆ ನಾನಾಗಿಯೇ ಕೇಳಿದೆ.

"ಮಗನ ಕಾಗ್ದನೂ ಓದುಸ್ಬೇಕಾ ರಮಮ್ಮಾ?" ಎಂದು ನಕ್ಕುಬಿಟ್ಟರು. ನನಗೆ ಚುರುಕ್ ಎಂದಿತು. ಹಾಳಾಗಿ ಹೋಗಲಿ, ನನಗೇನು ಎಂದು ಸುಮ್ಮನಾದೆ. ಸುಮ್ಮನಾದದ್ದಕ್ಕೆ ಈಗ ನನ್ನ ಮೇಲೇ ನನಗೆ ಸಿಟ್ಟು.

ಸುನೀಲ ಕರೆತಂದದ್ದು ರತ್ನಕ್ಕ, ಶಿವಪ್ರಕಾಶ ದಂಪತಿಯನ್ನು. ವಿಜಯಪುರದ ಕಡೆಯವರು, ಗಂಡನಿಗೆ ಯಶವಂತಪುರದ ಹತ್ತಿರ ಫ್ಯಾಕ್ಟರಿ ಕೆಲಸ. ಹಾಲುಕ್ಕಿಸಿದ ಬೆಳಿಗ್ಗೆ ಮುನಿಕೃಷ್ಣಮ್ಮ ಮಂಡಿ ನೋವನ್ನು ಬಯ್ಯುತ್ತಲೇ ಮೇಲೆ ಹತ್ತಿದರು. ನಾನೂ ಹೋಗಿದ್ದೆ. ರತ್ನಕ್ಕ ಏಲಕ್ಕಿ ಹಾಕಿದ ಹಾಲು ಕೊಟ್ಟು, ಹಿರಿಯರೆಂದು ಕಾಲಿಗೆ ಬಿದ್ದಳು. ಸುನೀಲ ಇಬ್ಬರ ನಡುವೆ ಲೋಟ ಹಿಡಿದು ನಿಂತಿದ್ದ. ದುಡ್ಡಿನ ಮಾತು ಯಾರೂ ಎತ್ತಲಿಲ್ಲ. ಹಾಲು ಚೆನ್ನಾಗಿತ್ತೆಂದು ನಾನು ಎರಡು ಲೋಟ ಕುಡಿದೆ.

ಹನ್ನೊಂದು ತಿಂಗಳು ಬಾಡಿಗೆ ಸರಿಯಾಗಿ ಬಂತು. ಹನ್ನೆರಡನೆಯದು ಬರಲಿಲ್ಲ, ಹದಿಮೂರನೆಯದೂ ಇಲ್ಲ. ಸುನೀಲನ ಫೋನ್ ಸ್ವಿಚ್ ಆಫ್. ಕೆಂಪಾಪುರಕ್ಕೆ ಆಟೋದಲ್ಲಿ ಹೋಗಿ ನೋಡಿದರೆ ಗಾಜಿನ ಬಾಗಿಲಿನೊಳಗೆ ಮೊಬೈಲ್ ರಿಪೇರಿ ನಡೆಯುತ್ತಿತ್ತು. ಅಂದೇ ಸಂಜೆ ಮುನಿಕೃಷ್ಣಮ್ಮ ಕಂಬಿ ಹಿಡಿದು ಎರಡನೇ ಮಹಡಿ ಹತ್ತಿದರು, ಹಿಂದೆ ನಾನು.

"ರತ್ನಕ್ಕ, ಎರಡ್ ತಿಂಗ್ಳಿಂದ ಬಾಡ್ಗೆ ಬಂದಿಲ್ಲ ಕಣವ್ವ. ಸುನೀಲ ಸಿಗ್ತಾ ಇಲ್ಲ. ನನ್ ಕೈಗೇ ಕೊಟ್ಬುಡು."

"ಬಾಡಗಿ? ಯಾವ ಬಾಡಗೀರಿ ಅಮ್ಮಾರ? ನಾವು ಲೀಸಿಗೆ ಅದೀವಲ್ರೀ. ಎಂಟು ಲಕ್ಷ ಕೊಟ್ಟೀವಿ ನಿಮಗ!"

ಲೀಸ್ ಎಂದರೆ ಒಂದೇ ಸಲ ದೊಡ್ಡ ಮೊತ್ತ ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಇದ್ದು, ಬಿಡುವಾಗ ಅಷ್ಟೂ ವಾಪಸು ಪಡೆಯುವುದು. ರತ್ನಕ್ಕ ಕಾಗದ ತಂದಳು. ಕೆಳಗಿನಿಂದ ಮುನಿಕೃಷ್ಣಮ್ಮನವರ ಕಾಗದವನ್ನೂ ತರಿಸಿ ಎರಡನ್ನೂ ಓದಿದೆ. ಮುನಿಕೃಷ್ಣಮ್ಮ ಸಹಿ ಹಾಕಿದ್ದ ಪ್ರಕಾರ ಸುನೀಲನೇ ಆ ಮನೆಯ ಬಾಡಿಗೆದಾರ. ಅವನು ಬೇರೆ ಯಾರಿಗೆ ಬೇಕಾದರೂ ಮನೆ ಕೊಡಬಹುದು. ಅದನ್ನು ತೋರಿಸಿಯೇ ಎಂಟು ಲಕ್ಷ ಜೇಬಿಗಿಳಿಸಿದ್ದ. ರತ್ನಕ್ಕನ ದುಡ್ಡನ್ನೇ ತಿಂಗಳಿಗಿಷ್ಟೆಂದು ಮುರಿದು ದೊಡ್ಡಮ್ಮನಿಗೆ ಬಾಡಿಗೆ ಎಂದು ಕೊಟ್ಟಿದ್ದ. ಓದಿ ಮುಗಿಸಿ ಇಬ್ಬರಿಗೂ ಬಿಡಿಸಿ ಹೇಳಿದೆ.

"ನನ್ನೊಂದ್ ಮಾತು ಕೇಳ್ಬಾರ್ದಾಗಿತ್ತಾ ತಾಯಿ?" ಎಂದರು ಮುನಿಕೃಷ್ಣಮ್ಮ.

"ಏನಂತ ಕೇಳಬೇಕಿತ್ರೀ? ಅಮ್ಮಗ ರೊಕ್ಕದ ಮಾತು ಸೇರಂಗಿಲ್ಲ ಅಂದಿದ್ದ ನಿಮ್ಮ ಮಗ. ನೀವೂ ಬಂದು ಹಾಲು ಕುಡದ್ರಿ. ಮನಿ ಮಾಲಕರು ಬಂದು ಹಾಲು ಕುಡದ ಮ್ಯಾಲೆ ಇನ್ನೇನ್ ಕೇಳೋದೈತಿ?" ರತ್ನಕ್ಕ ತನ್ನ ಕಾಗದವನ್ನು ನನ್ನ ಕೈಯಿಂದ ಕಿತ್ತುಕೊಂಡಳು. "ತಾಯಿ ಮಗ ಕೂಡೇ ಮಾಡೀರಿ ಇದನ್ನ."

ಮುನಿಕೃಷ್ಣಮ್ಮ ಕಂಬಿಯನ್ನೂ ಹಿಡಿಯದೆ ಇಳಿದುಹೋದರು.

ಯಲಹಂಕದ ವಕೀಲರು ಎಲ್ಲ ಕೇಳಿ, ನೋಟಿಸ್ ಕೊಟ್ಟು ಖಾಲಿ ಮಾಡಿಸೋಣ, ಎಂಟು ಲಕ್ಷ ಸುನೀಲನಿಗೂ ರತ್ನಕ್ಕನಿಗೂ ನಡುವಿನ ವ್ಯವಹಾರ ಎಂದರು. ನಿಜ ಹೇಳುತ್ತೇನೆ, ನಾನೂ ಸರಿ ಎಂದು ತಲೆಯಾಡಿಸಿದೆ. ಬರೀ ಮೊದಲ ಮಹಡಿಯ ಬಾಡಿಗೆಯಲ್ಲಿ ಈ ವಯಸ್ಸಿನಲ್ಲಿ ಜೀವನ ಸಾಗಬೇಕಲ್ಲ.

"ಆಲು ಕುಡ್ದೋಳು ನಾನು ಸ್ವಾಮಿ," ಎಂದರು ಮುನಿಕೃಷ್ಣಮ್ಮ. "ಎಂಟು ಲಕ್ಷ ನನ್ತಾವ ಇಲ್ಲ. ರತ್ನಕ್ಕ ಇನ್ನೆರಡು ವರ್ಷ ಬಾಡ್ಗೆ ಇಲ್ದೆ ಇರ್ಲಿ. ಕಂಪ್ಲೇಂಟ್ ಮಾತ್ರ ಇಬ್ರೂ ಕೊಡ್ತೀವಿ."

ಸುದ್ದಿ ತಿಳಿದು ಸುನೀಲನನ್ನು ಹೆತ್ತ ತಂಗಿ ಫೋನ್ ಮಾಡಿದಳು. "ಸ್ಟೇಷನ್‌ಗೆ ಓಗ್ಬೇಡ ಅಕ್ಕಾ, ನಿನ್ ಮಗಾನೇ ಅಲ್ವಾ ಅವ್ನು?" ಅಕ್ಕ ಫೋನ್ ಇಟ್ಟುಬಿಟ್ಟರು.

ಸ್ಟೇಷನ್ನಿಗೆ ರತ್ನಕ್ಕನೂ ಸೇರಿ ನಾವು ಮೂವರೂ ಹೋದೆವು. ಮುನಿಕೃಷ್ಣಮ್ಮ ಬಿಸ್ಕತ್ತಿನ ಡಬ್ಬಿಯನ್ನೂ ತಂದಿದ್ದರು. ಬರೆದುಕೊಳ್ಳುತ್ತಿದ್ದ ಪೊಲೀಸಿನವರು ಅಗ್ರಿಮೆಂಟ್ ತಿರುವಿ ನೋಡಿದರು.

"ಈ ಬಾಡಿಗೆದಾರಂದು ಫೋಟೋ, ಆಧಾರ್ ಜೆರಾಕ್ಸ್ ಕೊಡಿ."

ಮುನಿಕೃಷ್ಣಮ್ಮ ಡಬ್ಬಿ ತೆರೆದು ಒಂದೊಂದಾಗಿ ಮೇಜಿನ ಮೇಲೆ ಇಡತೊಡಗಿದರು. ಲೆಕ್ಚರರ್ ಇದ್ದ, ನರ್ಸ್ ಇದ್ದಳು, ಎಂದೋ ಊರು ಬಿಟ್ಟುಹೋದ ಡ್ರೈವರ್ ಇದ್ದ. ಇಪ್ಪತ್ತು ವರ್ಷದ ಬಾಡಿಗೆದಾರರೆಲ್ಲ ಇದ್ದರು. ತಳ ಕಾಣುವವರೆಗೂ ಹುಡುಕಿದರು. ಸುನೀಲನದು ಒಂದು ಚೂರೂ ಇರಲಿಲ್ಲ. ಕೆಳಗೆ ಬಿದ್ದ ಕಾಗದಗಳನ್ನು ರತ್ನಕ್ಕ ಬಗ್ಗಿ ಆರಿಸಿಕೊಟ್ಟಳು.

"ಪರ್ಮನೆಂಟ್ ಅಡ್ರೆಸ್ ಆದ್ರೂ ಗೊತ್ತೇನಮ್ಮ?"

"ನಮ್ಮನೇದೇ ಸ್ವಾಮಿ. ಬರ್ಕಳಿ."

ಅವರು ಪೆನ್ನು ನಿಲ್ಲಿಸಿ ತಲೆಯೆತ್ತಿದರು. "ನಿಮಗೇನಾಗ್ಬೇಕು ಅವ್ನು?"

ಮುನಿಕೃಷ್ಣಮ್ಮ ಡಬ್ಬಿಯ ಮುಚ್ಚಳ ಹಾಕಿದರು.

"ಕಾಗ್ದದಾಗೆ ಬರ್ದೈತಲ್ಲ," ಎಂದರು. "ಬಾಡ್ಗೆಗೆ ಇದ್ದೋನು."